ಒಡೆಯದೆ ಇಟ್ಟ ಲಕೋಟೆ

ಹದಿನೇಳು ವರ್ಷ ನಾನು ಒಂದು ದೊಡ್ಡ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸಾಗಿದ್ದೆ. ವಾಸಿಯಾಗುವ ಭರವಸೆ ಇದ್ದವರಿಗೆ ಅಲ್ಲಿ ಮಂಚ ಸಿಗುತ್ತಿತ್ತು. ಉಳಿದವರಿಗೆ ‘ಇನ್ನು ಮನೆಯಲ್ಲೇ ನೋಡಿಕೊಳ್ಳಿ’ ಎಂದು ಚೀಟಿ ಬರೆದು ಕಳಿಸುತ್ತಿದ್ದರು. ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ. ಆ ಚೀಟಿ ಹಿಡಿದು ಗೇಟು ದಾಟುವವರನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಅಷ್ಟರಲ್ಲಿ ಅದೇ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿದ್ದ ಒಬ್ಬರು ಕೆಲಸ ಬಿಟ್ಟರು, ನನ್ನನ್ನೂ ಕರೆದರು. ಅವರನ್ನು ನಾನು ಮೊದಲಿನಿಂದಲೂ ಮೇಡಂ ಅಂತಲೇ ಕರೆಯುವುದು.

“ಆ ಚೀಟಿ ತಗೊಂಡು ಹೋದೋರ ಮನೆಗೆ ನಾವೇ ಹೋಗೋಣ. ನೋವು ಇಳಿಸೋಕೆ ನಂಗೆ ಬರುತ್ತೆ. ಮಿಕ್ಕಿದ್ದೆಲ್ಲ ನೀವು ನೋಡ್ಕೊಬೇಕು” ಅಂದರು.

ಮಿಕ್ಕಿದ್ದು ಎಷ್ಟಿರುತ್ತೆ ಅನ್ನುವ ಅಂದಾಜು ಆಗ ನನಗಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಚಾಮರಾಜಪೇಟೆಯಲ್ಲಿ ಹಳೇ ಮನೆಯೊಂದರ ಹಿಂದಿನ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಮುಂದಿನ ಭಾಗದಲ್ಲಿ ಮನೆಯ ಓನರಮ್ಮ ಒಬ್ಬರೇ ಇದ್ದರು, ಎಪ್ಪತ್ತು ದಾಟಿದವರು. ನಮ್ಮ ಕೋಣೆಯಲ್ಲಿ ಒಂದು ಮೇಜು, ಒಂದು ಫೋನು, ಡ್ರೆಸಿಂಗ್ ಸಾಮಾನು ತುಂಬಿದ ಪೆಟ್ಟಿಗೆಗಳು, ಗೋಡೆಗೆ ಬಿಗಿದ ಒಂದು ಕಬ್ಬಿಣದ ಬೀರು. ಬೀರುವಿಗೆ ಎರಡು ಬೀಗ. ಒಂದರ ಕೀ ಮೇಡಂ ಹತ್ತಿರ, ಇನ್ನೊಂದರದು ನನ್ನ ಹತ್ತಿರ. ಅದರೊಳಗೆ ಇದ್ದದ್ದು ಮಾರ್ಫಿನ್ ಮಾತ್ರೆ.

ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಮಾರ್ಫಿನ್ ಬಿಟ್ಟರೆ ಬೇರೆ ಯಾವುದೂ ಅಷ್ಟು ನಾಟುವುದಿಲ್ಲ. ಆದರೆ ಅದು ಅಫೀಮಿನಿಂದ ಬರುವ ಔಷಧಿ. ಇಟ್ಟುಕೊಳ್ಳಲು ಸರ್ಕಾರದ ಲೈಸೆನ್ಸ್ ಬೇಕು, ಒಂದೊಂದು ಮಾತ್ರೆಯೂ ಯಾರಿಗೆ ಯಾವತ್ತು ಹೋಯಿತು ಅಂತ ರಿಜಿಸ್ಟರಿನಲ್ಲಿ ಬರೆದಿರಬೇಕು. ಲೈಸೆನ್ಸು, ರಿಜಿಸ್ಟರು, ಕಚೇರಿಯ ಕಾಗದಪತ್ರ, ಇದೆಲ್ಲ ನನ್ನ ಪಾಲಿನ ‘ಮಿಕ್ಕಿದ್ದು’.

ಆ ವರ್ಷ ನಮ್ಮ ಪಟ್ಟಿಯಲ್ಲಿದ್ದವರಲ್ಲಿ ಹನುಮಂತನಗರದ ಒಬ್ಬರು ನನಗೆ ಬಹಳ ಹತ್ತಿರವಾಗಿದ್ದರು. ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಮಾಡಿದವರು, ವಯಸ್ಸು ಐವತ್ತೇಳು. ಮದುವೆಯಾಗಿರಲಿಲ್ಲ. ಗುಡ್ಡದ ಗುಡಿಯ ಕೆಳಗಿನ ಒಂದು ಅಡ್ಡರಸ್ತೆಯಲ್ಲಿ ತಂಗಿಯ ಜೊತೆ ಇದ್ದರು. ತಂಗಿ ಒಂದು ಸರ್ಕಾರಿ ಇಲಾಖೆಯಲ್ಲಿ ಗುಮಾಸ್ತೆ. ಅಣ್ಣನನ್ನು ನೋಡಿಕೊಳ್ಳಲು ಇದ್ದಬದ್ದ ರಜೆಯನ್ನೆಲ್ಲ ಹಾಕಿದ್ದರು. ನಡುಮನೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಅವರ ಮಂಚ. ಪ್ರಾಸ್ಟೇಟಿನಲ್ಲಿ ಶುರುವಾದ ಕ್ಯಾನ್ಸರು ಬೆನ್ನುಮೂಳೆಗೆ ಇಳಿದಿತ್ತು.

ಮೊದಲ ದಿನ ನಾನು ಎಲ್ಲರನ್ನೂ ಕೇಳುವ ಹಾಗೆ ಅವರನ್ನೂ ಕೇಳಿದೆ. “ತಡೆಯೋಕೆ ಆಗದೇ ಇರೋ ನೋವು ಹದಿನಾರಾಣೆ ಅಂತ ಇಟ್ಕೊಳ್ಳಿ. ಈಗ ನಿಮ್ಮದು ಎಷ್ಟಾಣೆ?”

“ಹದಿನಾಲ್ಕು” ಅಂದರು.

ಮಾತ್ರೆ ಶುರುವಾದ ಮೂರನೇ ದಿನಕ್ಕೆ ನಾಲ್ಕಾಣೆಗೆ ಇಳಿಯಿತು. ದಿಂಬಿಗೆ ಒರಗಿ ಕೂತು ಪೇಪರು ಓದುವ ಹಾಗಾದರು. ಅವತ್ತು ಅವರು ಕೇಳಿದ್ದು ಒಂದೇ. “ಮತ್ತೆ ಆಸ್ಪತ್ರೆಗೆ ಹೋಗೋ ಹಾಗೆ ಮಾಡಬೇಡಿ, ಸಿಸ್ಟರ್. ಅಲ್ಲಿ ಟ್ರಾಲಿ ಮೇಲೆ ಮಲಗಿ ಮೇಲಿನ ದೀಪ ನೋಡ್ತಾ ಇರೋಕೆ ನನ್ನಿಂದ ಆಗಲ್ಲ.”

“ಇಲ್ಲ, ಕಳಿಸಲ್ಲ” ಅಂದುಬಿಟ್ಟೆ. ಹೇಳುವಾಗ ಯೋಚನೆ ಮಾಡಲೇ ಇಲ್ಲ.

ಅದಾಗಿ ಎರಡು ತಿಂಗಳಿಗೆ, ಒಂದು ಶುಕ್ರವಾರ ಬೆಳಿಗ್ಗೆ, ಬೀರುವಿನ ಪಕ್ಕ ಕಟ್ಟು ಹಾಕಿಸಿ ತೂಗುಹಾಕಿದ್ದ ಲೈಸೆನ್ಸಿನ ಕಡೆ ನನ್ನ ಕಣ್ಣು ಹೋಯಿತು. ಗಾಜಿನ ಮೇಲೆ ಧೂಳು ಕೂತಿತ್ತು. ಸೆರಗಿನಿಂದ ಒರೆಸಿದೆ. ಒರೆಸುವಾಗ ತಾರೀಖು ಕಂಡಿತು. ಬುಧವಾರಕ್ಕೇ ಮುಗಿದುಹೋಗಿತ್ತು.

ನವೀಕರಣಕ್ಕೆ ಎರಡು ತಿಂಗಳ ಹಿಂದೆಯೇ ಅರ್ಜಿ ಹಾಕಿದ್ದೆ. ಹಾಗಾದರೆ ಇನ್ನೂ ಯಾಕೆ ಬಂದಿಲ್ಲ ಅಂತ ಮೇಜಿನ ಡ್ರಾಯರ್ ಎಳೆದು ಕಾಗದಗಳನ್ನು ತಡಕಾಡಿದೆ. ತಳದಲ್ಲಿ ಕಂದು ಬಣ್ಣದ ಸರ್ಕಾರಿ ಲಕೋಟೆ, ಅಂಟು ಬಿಚ್ಚಿರಲಿಲ್ಲ. ಬಂದ ದಿನ ನೆನಪಾಯಿತು. ಆವತ್ತು ಒಂದೇ ದಿನ ನಮ್ಮ ಪಟ್ಟಿಯ ಇಬ್ಬರು ತೀರಿಕೊಂಡಿದ್ದರು. ಒಂದು ಮನೆಯಿಂದ ಇನ್ನೊಂದು ಮನೆಗೆ ಓಡುವ ಅವಸರದಲ್ಲಿ ‘ಸಂಜೆ ನೋಡಿದರಾಯಿತು’ ಅಂತ ಡ್ರಾಯರಿಗೆ ಹಾಕಿದ್ದೆ. ಆ ಸಂಜೆ ಬರಲೇ ಇಲ್ಲ.

ಈಗ ಒಡೆದು ಓದಿದೆ. ಬಾಡಿಗೆ ಕರಾರಿನ ಅವಧಿ ಮುಗಿದಿದೆ, ಹೊಸ ಕರಾರಿನ ಪ್ರತಿ ಲಗತ್ತಿಸಿಲ್ಲ, ಅದು ಬಂದ ಮೇಲೆ ಸ್ಥಳ ಪರಿಶೀಲನೆ ಮಾಡಲಾಗುವುದು, ಅಲ್ಲಿಯವರೆಗೆ ಅರ್ಜಿಯನ್ನು ತಡೆಹಿಡಿಯಲಾಗಿದೆ. ಆಮೇಲೆ ಇನ್ನೊಂದು ಹೊಳೆಯಿತು. ಗುರುವಾರ, ಅಂದರೆ ಲೈಸೆನ್ಸ್ ಮುಗಿದ ಮಾರನೇ ದಿನ, ನಾನು ಎರಡು ಮನೆಗೆ ಮಾತ್ರೆ ಕೊಟ್ಟಿದ್ದೆ. ರಿಜಿಸ್ಟರಿನಲ್ಲಿ ನನ್ನದೇ ಅಕ್ಷರದಲ್ಲಿ ಎರಡು ಸಾಲು ಇತ್ತು.

ಮೇಡಂ ಹತ್ತು ಗಂಟೆಗೆ ಬಂದರು. ನಾನು ಲಕೋಟೆ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡು ಕೇಳಿದರು.

“ಯಾರ್ಯಾರ ಮನೇಲಿ ಎಷ್ಟಿದೆ?”

ಪಟ್ಟಿ ನೋಡಿದೆ. ಉಳಿದವರಿಗೆಲ್ಲ ಬುಧವಾರದವರೆಗೆ ಸಾಕಾಗುವಷ್ಟಿತ್ತು. ಹನುಮಂತನಗರದವರಿಗೆ ಮಾತ್ರ ಆ ಮಂಗಳವಾರ ಡೋಸು ಹೆಚ್ಚಿಸಿದ್ದೆವು. ಅವರದು ಶನಿವಾರ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಹೊಸದನ್ನು ಆ ಶುಕ್ರವಾರ ಸಂಜೆ ತಂದುಕೊಡುವುದಾಗಿ ಹೇಳಿದ್ದೆ.

“ನಾಳೆ ಎರಡನೇ ಶನಿವಾರ” ಅಂದರು ಮೇಡಂ. “ಆಮೇಲೆ ಭಾನುವಾರ. ಏನಾದ್ರೂ ಇವತ್ತೇ ಆಗಬೇಕು. ಹೊರಡಿ.”

ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಗುಮಾಸ್ತರು ಫೈಲು ಹುಡುಕಿ ತೆಗೆದರು. “ಕರಾರು ತನ್ನಿ ಮೇಡಂ, ಸಾಹೇಬ್ರು ಐದು ಗಂಟೆವರೆಗೂ ಇರ್ತಾರೆ. ಅವರು ಮನಸ್ಸು ಮಾಡಿದ್ರೆ ಇವತ್ತೇ ಇನ್ಸ್‌ಪೆಕ್ಟರನ್ನ ಕಳಿಸ್ಬೋದು” ಅಂದರು. ಗಡಿಯಾರ ಹನ್ನೆರಡೂಕಾಲು ತೋರಿಸುತ್ತಿತ್ತು. ಚಾಮರಾಜಪೇಟೆಗೆ ಓಡಿ ಬಂದರೆ ಓನರಮ್ಮನ ಬಾಗಿಲಿಗೆ ಬೀಗ. ಮಲ್ಲೇಶ್ವರದಲ್ಲಿ ಮಗಳ ಮನೆ, ಮರಿಮಗುವಿನ ನಾಮಕರಣ ಅಂತ ಪಕ್ಕದ ಮನೆಯವರು ಹೇಳಿ ವಿಳಾಸ ಕೊಟ್ಟರು. ಛಾಪಾ ಕಾಗದದಲ್ಲಿ ಕರಾರು ಟೈಪ್ ಮಾಡಿಸಿಕೊಂಡು ಆಟೋ ಹಿಡಿಯುವಷ್ಟರಲ್ಲಿ ಎರಡು ಗಂಟೆ.

ಮಲ್ಲೇಶ್ವರದ ಆ ಮನೆಯಲ್ಲಿ ಬಾಗಿಲಿಗೆ ಮಾವಿನ ತೋರಣ, ಒಳಗೆ ಎಲೆ ಹಾಕಿ ಬಡಿಸುತ್ತಿದ್ದರು. ಓನರಮ್ಮ ರೇಷ್ಮೆ ಸೀರೆ ಉಟ್ಟು ತೊಟ್ಟಿಲ ಪಕ್ಕ ಕೂತಿದ್ದರು. ನನ್ನನ್ನು ಕಂಡು ಗಾಬರಿಯಾದರು. ಪಕ್ಕದ ಕೋಣೆಗೆ ಕರೆದು ಕಾಗದ ಕೊಟ್ಟೆ. ಅವರು ಕಚೇರಿಯ ಪತ್ರವನ್ನೂ ಕೇಳಿ ಪಡೆದು, ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು.

“ಮಾದಕ ವಸ್ತು ಅಂತ ಬರೆದಿದೆಯಲ್ಲಮ್ಮ.”

“ಅದು ಕಾನೂನಿನ ಹೆಸರು, ಅಮ್ಮ. ಔಷಧಿ ಅದು.”

“ನನ್ನ ಮನೇಲಿ ಇದನ್ನ ಇಟ್ಟಿದೀರಾ? ಇಷ್ಟು ದಿನ ಹೇಳಲೇ ಇಲ್ಲ?”

ನೋವಿನ ಔಷಧಿ ಅಂತ ಮೊದಲೇ ಹೇಳಿದ್ದೆ. ಆದರೆ ಹೆಸರು ಹೇಳಿರಲಿಲ್ಲ. ಹೇಳಿದರೆ ಕೋಣೆ ಕೊಡುವುದಿಲ್ಲ ಅಂತ ಅಂಜಿಕೆ ಇತ್ತು. ಅದನ್ನೂ ಒಪ್ಪಿಕೊಂಡೆ. ಅವರು ಕಾಗದ ಮಡಿಸಿ ನನ್ನ ಕೈಗೆ ಹಿಂದಿರುಗಿಸಿದರು.

“ಶುಕ್ರವಾರ, ಮಗುಗೆ ಹೆಸರಿಡೋ ದಿನ. ಪೊಲೀಸ್ನೋರು ಬಂದು ಕೇಳೋವಂಥ ಕಾಗದಕ್ಕೆ ಇವತ್ತು ನಾನು ಸೈನ್ ಹಾಕ್ಲಾ? ಅಳಿಯನ್ನ ಕೇಳದೆ ಹಾಕಲ್ಲ.”

ಅಳಿಯ ಬಡಿಸುವುದರಲ್ಲಿದ್ದರು. ನಾನು ವರಾಂಡದಲ್ಲಿ ಕಾಯ್ದೆ. ಯಾರೋ ಊಟಕ್ಕೆ ಏಳಿ ಅಂದರು, ಬೇಡ ಅಂದೆ. ಮೂರು ಗಂಟೆ ಆಯಿತು, ಮೂರೂವರೆ ಆಯಿತು. ಕೊನೆಗೆ ಅಳಿಯ ಬಂದು ಕೈ ಒರೆಸಿಕೊಳ್ಳುತ್ತಾ ಓದಿದರು. ಅವರೇನೂ ಹೇಳುವ ಮೊದಲೇ ಓನರಮ್ಮ ಕೇಳಿದರು, “ನಾನು ಸೈನ್ ಹಾಕದಿದ್ರೆ ಏನಾಗುತ್ತೆ?”

“ಹನುಮಂತನಗರದಲ್ಲಿ ಒಬ್ರಿದಾರೆ, ಅಮ್ಮ. ನಾಳೆ ಮಧ್ಯಾಹ್ನಕ್ಕೆ ಅವರ ಮಾತ್ರೆ ಮುಗಿಯುತ್ತೆ. ಸಂಜೆಯಷ್ಟೊತ್ತಿಗೆ ಮಗ್ಗುಲು ಬದಲಾಯಿಸೋಕೂ ಆಗಲ್ಲ.”

ಅವರು ಅಳಿಯನ ಕೈಯಿಂದ ಕಾಗದ ತೆಗೆದುಕೊಂಡು, “ಪೆನ್ನು ಕೊಡಿ” ಅಂದರು. ಸೈನ್ ಹಾಕಿ, “ಸ್ಥಳ ನೋಡೋಕೆ ಇನ್ಸ್‌ಪೆಕ್ಟರ್ ಬಂದಾಗ ನಾನೂ ಅಲ್ಲೇ ಇರ್ತೀನಿ. ನನ್ನ ಮನೇಲಿ ಏನಿದೆ ಅಂತ ನಂಗೂ ಗೊತ್ತಾಗಲಿ” ಅಂದರು.

ಆಟೋ ಮೆಜೆಸ್ಟಿಕ್ ಹತ್ತಿರ ಬಸ್ಸುಗಳ ನಡುವೆ ಸಿಕ್ಕಿಕೊಂಡಿತು. ಕಚೇರಿ ಮೆಟ್ಟಿಲು ಹತ್ತಿದಾಗ ಐದು ಹತ್ತು. ಗುಮಾಸ್ತರು ಬೀರುವಿಗೆ ಬೀಗ ಹಾಕುತ್ತಿದ್ದರು. ಸಾಹೇಬರು ಆಗತಾನೇ ಹೊರಟಿದ್ದರು. ಗುಮಾಸ್ತರು ಕಾಗದ ತೆಗೆದುಕೊಂಡು, ಬಂದ ವೇಳೆ ಬರೆದು ಮುದ್ರೆ ಒತ್ತಿ, “ಸೋಮವಾರ ಮೊದಲನೇ ಕೆಲಸ ಇದೇ, ನಾನೇ ಮುಂದಿಡ್ತೀನಿ” ಅಂದರು. ಪಾಪ, ಅದಕ್ಕಿಂತ ಹೆಚ್ಚು ಅವರ ಕೈಯಲ್ಲಿರಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಮೇಡಂ ಎದುರು ನಿಂತು ಕೇಳಿದೆ. “ಕೀ ಕೊಡಿ. ಅವರಿಗೆ ಎರಡು ದಿನಕ್ಕೆ ಆಗೋಷ್ಟು ಮಾತ್ರ ತೆಗೀತೀನಿ.”

“ಕೊಡಲ್ಲ.”

“ಗುರುವಾರ ಹೇಗೂ ಕೊಟ್ಟಾಗಿದೆ. ಇನ್ನೊಂದು ಸಾಲು ಅಷ್ಟೆ.”

“ಗುರುವಾರ ಗೊತ್ತಿಲ್ದೆ ಕೊಟ್ರಿ, ಅದು ತಪ್ಪು. ಇವತ್ತು ಗೊತ್ತಿದ್ದೂ ಕೊಟ್ರೆ ಅಪರಾಧ. ಬೀರು ಸೀಲ್ ಮಾಡಿದ್ರೆ ಮಿಕ್ಕ ಮನೆಗಳಿಗೆ ಬುಧವಾರ ಏನು ಕೊಡ್ತೀರಿ?”

“ಅವರಿಗೆ ಮಾತು ಕೊಟ್ಟಿದೀನಿ ಮೇಡಂ.”

“ಅದು ನೀವು ಕೊಟ್ಟಿದ್ದು” ಅಂದರು. ಆ ಮೂರು ಪದಕ್ಕೆ ನಾನು ಬಹಳ ದಿನ ಅವರನ್ನು ಕ್ಷಮಿಸಲಿಲ್ಲ.

ರಿಜಿಸ್ಟರಿನ ಗುರುವಾರದ ಪುಟ ಮೇಜಿನ ಮೇಲೆ ತೆರೆದೇ ಇತ್ತು. ಆ ಎರಡು ಸಾಲಿನ ತಾರೀಖನ್ನು ಬುಧವಾರ ಮಾಡುವುದು ಕಷ್ಟವೇನಾಗಿರಲಿಲ್ಲ. ಒಂದೇ ಅಂಕಿ ತಿದ್ದಿದರೆ ಸಾಕಿತ್ತು. ಮೇಡಂ ನನ್ನ ಕಣ್ಣು ಎಲ್ಲಿದೆ ಅಂತ ನೋಡಿದರು. ನಾನೇ ರಿಜಿಸ್ಟರು ಮುಚ್ಚಿದೆ.

ಉಳಿದದ್ದು ಒಂದೇ ದಾರಿ. ದೊಡ್ಡ ಆಸ್ಪತ್ರೆಗಳಲ್ಲಿ ಮಾರ್ಫಿನ್ ಇಂಜೆಕ್ಷನ್ ಇರುತ್ತಿತ್ತು, ಆದರೆ ಅಲ್ಲೇ ದಾಖಲಾದವರಿಗೆ ಮಾತ್ರ. ಮೇಡಂ ಬೆಳಗಿನಿಂದ ಫೋನ್ ಮಾಡಿ ಮಾಡಿ ಒಂದು ಕಡೆ ಜಾಗ ಒಪ್ಪಿಸಿದರು.

ನಾವು ಹನುಮಂತನಗರ ಮುಟ್ಟಿದಾಗ ಸಂಜೆ ಆರು. ಕೊನೇ ಮಾತ್ರೆ ಹನ್ನೆರಡಕ್ಕೆ ಆಗಿತ್ತು. ಅವರು ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮಲಗಿದ್ದರು. ಹಣೆ ಬೆವೆತಿತ್ತು. ನಾನು ಎಷ್ಟಾಣೆ ಅಂತ ಕೇಳಲಿಲ್ಲ. ತಂಗಿ ಬಾಗಿಲಲ್ಲೇ ನನ್ನ ಕೈಚೀಲ ನೋಡಿ, “ತಂದ್ರಾ ಸಿಸ್ಟರ್?” ಅಂದರು.

ಮೇಡಂ ಮಂಚದ ಪಕ್ಕ ಸ್ಟೂಲು ಎಳೆದು ಕೂತು ಹೇಳಿದರು. “ನಮ್ಮ ಲೈಸೆನ್ಸ್ ಮುಗಿದಿದೆ. ಮಾತ್ರೆ ಬೀರುನಲ್ಲಿದೆ, ನಾವು ಕೊಡೋ ಹಾಗಿಲ್ಲ. ಮಂಗಳವಾರದವರೆಗೆ ನೀವು ಆಸ್ಪತ್ರೇಲಿ ಇರಬೇಕು. ಅಲ್ಲಿ ಇಂಜೆಕ್ಷನ್ ಸಿಗುತ್ತೆ.”

ಅವರು ಮೇಡಂ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡುತ್ತಾ, “ಕಳಿಸಲ್ಲ ಅಂದಿದ್ರಿ” ಅಂದರು.

“ಅಂದಿದ್ದೆ.”

“ಹೋಗದಿದ್ರೆ?”

“ಇದು ಇನ್ನೂ ಜಾಸ್ತಿ ಆಗುತ್ತೆ.”

ಅವರು ಕಣ್ಣು ಮುಚ್ಚಿಕೊಂಡರು. ತಂಗಿ ಗೋಡೆಗೆ ಒರಗಿ ನಿಂತವರು ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ, ಚೀಲಕ್ಕೆ ಬಟ್ಟೆ, ಲೋಟ, ಟವೆಲು ತುಂಬತೊಡಗಿದರು. ಸ್ಟ್ರೆಚರು ಆ ಮನೆಯ ಬಾಗಿಲಲ್ಲಿ ತಿರುಗಲಿಲ್ಲ. ಬೆಡ್‌ಶೀಟಿನಲ್ಲೇ ಎತ್ತಿ ಹೊರಗೆ ತಂದೆವು. ಮೆಟ್ಟಿಲಿಳಿಯುವಾಗ ಅವರ ಬಾಯಿಂದ ಬಂದ ಸದ್ದನ್ನು ನಾನು ಬರೆಯಲಾರೆ.

ಆಸ್ಪತ್ರೆಯಲ್ಲಿ ಮಂಚ ಸಿಗಲಿಲ್ಲ. ಕಾರಿಡಾರಿನಲ್ಲಿ ಟ್ರಾಲಿ ಸಿಕ್ಕಿತು. ನಾಲ್ಕು ಗಂಟೆಗೊಮ್ಮೆ ಇಂಜೆಕ್ಷನ್ ಅಂತ ಮೇಡಂ ಬರೆಸಿ ಬಂದಿದ್ದರೂ, ಅಲ್ಲಿನ ಎಳೇ ಡಾಕ್ಟರಿಗೆ ಅಷ್ಟು ಕೊಡಲು ಭಯ. ಎಂಟು ಗಂಟೆಗೊಮ್ಮೆ ಕೊಟ್ಟರು. ಭಾನುವಾರ ನಾನು ಹೋಗಿ ಜಗಳವಾಡಿದ ಮೇಲೆ ಆರು ಗಂಟೆಗೊಮ್ಮೆ ಅಂತ ಆಯಿತು. ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನಾನು ಬಂದದ್ದು ಗೊತ್ತಿದ್ದೂ ತಿರುಗಲಿಲ್ಲ.

ಸೋಮವಾರ ಮೂರು ಗಂಟೆಗೆ ಇನ್ಸ್‌ಪೆಕ್ಟರ್ ಬಂದರು. ನಲವತ್ತೈದರ ಆಸುಪಾಸು, ಮಾತು ಕಮ್ಮಿ. ಓನರಮ್ಮ ಹೇಳಿದ ಹಾಗೆಯೇ ಕುರ್ಚಿ ತಂದು ಬಾಗಿಲಲ್ಲಿ ಕೂತಿದ್ದರು. ಇನ್ಸ್‌ಪೆಕ್ಟರ್ ಬೀರು ಅಲ್ಲಾಡಿಸಿ ನೋಡಿದರು, ಬೀಗ ಎಳೆದು ನೋಡಿದರು, ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ಎಣಿಸಿದರು. ಲೆಕ್ಕ ಸರಿಯಿತ್ತು. ಆಮೇಲೆ ರಿಜಿಸ್ಟರಿನ ಪುಟ ತಿರುವುತ್ತಾ ಬಂದು ಗುರುವಾರಕ್ಕೆ ನಿಂತರು.

“ಈ ದಿನ ಲೈಸೆನ್ಸ್ ಇತ್ತಾ?”

“ಇರ್ಲಿಲ್ಲ ಸಾರ್.”

“ಗೊತ್ತಿತ್ತಾ?”

“ಇಲ್ಲ. ಶುಕ್ರವಾರ ಬೆಳಿಗ್ಗೆ ಗೊತ್ತಾಯ್ತು. ನಿಮ್ಮ ಕಚೇರಿ ಪತ್ರ ಬಂದಿತ್ತು, ನಾನು ಒಡೆದಿರ್ಲಿಲ್ಲ.”

ಅವರು ತಲೆಯೆತ್ತಿದರು. “ಶುಕ್ರವಾರದಿಂದ ಯಾರಿಗೂ ಕೊಟ್ಟಿಲ್ವಾ?”

“ಇಲ್ಲ.”

“ಬೇಕಾಗಿದ್ದೋರು ಯಾರೂ ಇರ್ಲಿಲ್ವಾ?”

ಮೇಡಂ ಹೇಳಿದರು, “ಒಬ್ರಿದ್ರು. ಆಸ್ಪತ್ರೆ ಕಾರಿಡಾರಲ್ಲಿ ಇದಾರೆ ಈಗ.”

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. ಬಾಗಿಲಿಂದ ಓನರಮ್ಮ, “ನಾನೂ ನೋಡ್ತಿದೀನಿ ಇಷ್ಟು ದಿನದಿಂದ. ಇಲ್ಲಿಗೆ ಅಮಲಿನೋರು ಯಾರೂ ಬರಲ್ಲ. ಅಳ್ತಾ ಬರ್ತಾರೆ, ಚೀಟಿ ತೋರಿಸಿ ಔಷಧಿ ಇಸ್ಕೊಂಡು ಹೋಗ್ತಾರೆ” ಅಂದರು.

“ಗುರುವಾರದ ವಿಷಯಕ್ಕೆ ಲಿಖಿತ ವಿವರಣೆ ಕೊಡಿ” ಅಂದರು ಇನ್ಸ್‌ಪೆಕ್ಟರ್ ನನಗೆ. “ಈಗಲೇ. ಇದ್ದಿದ್ದನ್ನ ಬರೀರಿ.” ಬರೆದೆ. ಅವರು ಅದನ್ನು ವರದಿಗೆ ಲಗತ್ತಿಸಿಕೊಂಡು ಹೋದರು. ಲೈಸೆನ್ಸ್ ಬರುತ್ತೋ ಬರುವುದಿಲ್ಲವೋ ಅನ್ನುವ ಸುಳಿವು ಅವರ ಮುಖದಲ್ಲಿ ಸಿಗಲಿಲ್ಲ. ಮಾರನೇ ದಿನ ಮಧ್ಯಾಹ್ನದವರೆಗೆ ನಾನು ಕಚೇರಿಯ ಬೆಂಚಿನ ಮೇಲೆ ಕೂತಿದ್ದೆ. ಎರಡೂವರೆಗೆ ಹೊಸ ಲೈಸೆನ್ಸ್ ಕೈಗೆ ಬಂತು, ಜೊತೆಗೆ ನನ್ನ ಹೆಸರಿಗೆ ಒಂದು ಎಚ್ಚರಿಕೆ ಪತ್ರ.

ಬುಧವಾರ ಹನುಮಂತನಗರದವರನ್ನು ಮನೆಗೆ ತಂದೆವು. ನೋವು ಆರಾಣೆಗೆ ಇಳಿಯಲು ಎರಡು ದಿನ ಹಿಡಿಯಿತು. ಅವರು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದರು. ಸರ್ಕಾರದವರು ಲೈಸೆನ್ಸ್ ತಡೆದರು ಅಂತ ತಂಗಿ ತಿಳಿದುಕೊಂಡಿದ್ದರು, ಬಂದವರಿಗೂ ಹಾಗೇ ಹೇಳುತ್ತಿದ್ದರು. ಅದನ್ನು ಕೇಳುತ್ತಾ ಅಲ್ಲಿ ಕೂರುವುದು ನನ್ನಿಂದ ಆಗಲಿಲ್ಲ. ಮರುವಾರ ಅವರಿಬ್ಬರ ಎದುರಿಗೂ ಲಕೋಟೆಯ ವಿಷಯ ಹೇಳಿದೆ.

ತಂಗಿ ಎದ್ದು ಅಡುಗೆಮನೆಗೆ ಹೋದರು. ಅಣ್ಣ ಸೂರು ನೋಡುತ್ತಾ ಮೆಲ್ಲಗೆ ಮಾತಾಡಿದರು.

“ಪರೀಕ್ಷೆ ಫಲಿತಾಂಶ ನಾವೇ ಅಚ್ಚು ಮಾಡ್ತಿದ್ವಿ, ಮುಂಚೆ. ಪುಟದ ತುಂಬ ಬರೀ ನಂಬರು. ಒಂದು ವರ್ಷ ನನ್ನ ಪುಟದಲ್ಲಿ ಒಂದು ನಂಬರ್ ಬಿಟ್ಟುಹೋಯ್ತು. ಪಾಸಾಗಿದ್ದ ನಂಬರು. ಹಂಚಿದ ಮೇಲೆ ಗೊತ್ತಾಯ್ತು. ತಿದ್ದುಪಡಿ ಹಾಕೋಕೆ ನಾಲ್ಕು ದಿನ ಬೇಕಾಯ್ತು.” ಉಸಿರು ತೆಗೆದುಕೊಂಡರು. “ಆ ನಾಲ್ಕು ದಿನ ಆ ಹುಡುಗನೋ ಹುಡುಗೀನೋ ಏನ್ ಮಾಡ್ತು ಅಂತ ನಂಗೆ ಗೊತ್ತಿಲ್ಲ. ಯಾರದು ಅಂತಾನೇ ಗೊತ್ತಾಗ್ಲಿಲ್ಲ. ನಿಮಗೆ ನನ್ನ ಮನೆ ಗೊತ್ತಿತ್ತು, ಬಂದು ಹೇಳಿದ್ರಿ.”

ಅದು ಕ್ಷಮೆಯೋ ಅಲ್ಲವೋ ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿದೆ ಅಂತ ಅನ್ನಿಸಲಿಲ್ಲ. ಬೆನ್ನಿನ ಹುಣ್ಣಿಗೆ ಡ್ರೆಸಿಂಗ್ ಮಾಡಬೇಕಿತ್ತು, ಮಗ್ಗುಲಿಗೆ ತಿರುಗಿಸಿದೆ. ತಂಗಿ ಬಿಸಿನೀರು ತಂದು ಪಕ್ಕದಲ್ಲಿಟ್ಟರು.

ಅವರು ಇನ್ನೂ ಐದು ವಾರ ಇದ್ದರು. ಕೊನೆಯ ವಾರ ಪೇಪರು ಹಿಡಿಯಲು ಆಗುತ್ತಿರಲಿಲ್ಲ. ತಂಗಿ ಓದಿ ಹೇಳುತ್ತಿದ್ದರು, ತಪ್ಪು ಓದಿದರೆ ಅಣ್ಣ ಬೆರಳೆತ್ತಿ ತೋರಿಸುತ್ತಿದ್ದರು. ಒಂದು ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ, ತಂಗಿ ಅವರ ತಲೆ ಬಾಚುತ್ತಿರುವಾಗಲೇ ಉಸಿರು ನಿಂತಿತು. ನಾನು ಹೋದಾಗ ಬಾಚಣಿಗೆ ತಂಗಿಯ ಕೈಯಲ್ಲೇ ಇತ್ತು. “ನೋವಿನ ಮುಖ ಅಲ್ಲ ಅಲ್ವಾ ಸಿಸ್ಟರ್?” ಅಂದರು. ಅಲ್ಲ ಅಂದೆ, ಅದು ನಿಜವಾಗಿತ್ತು.

ಆ ಶನಿವಾರ ಕೀ ಕೊಡದೆ ಇದ್ದದ್ದು ಸರಿ ಅಂತ ಮೇಡಂ ಇವತ್ತಿಗೂ ಹೇಳುತ್ತಾರೆ. ಆಮೇಲೆ ನಾವು ನೋಡಿಕೊಂಡ ಮನೆಗಳನ್ನು ನೆನೆಸಿಕೊಂಡಾಗ ನನಗೂ ಹೌದು ಅನ್ನಿಸುತ್ತದೆ. ಆ ಮೆಟ್ಟಿಲು ನೆನಪಾದಾಗ ಅನ್ನಿಸುವುದಿಲ್ಲ. ಇಬ್ಬರೂ ಕೆಲಸ ಬಿಟ್ಟು ಮನೆಯಲ್ಲಿದ್ದೇವೆ, ವಾರಕ್ಕೊಮ್ಮೆ ಬಸವನಗುಡಿಯ ಅವರ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತೇನೆ. ಮಾತು ಅಲ್ಲಿಗೆ ಬಂದರೆ ಈಗಲೂ ನಮ್ಮಿಬ್ಬರ ದನಿ ಏರುತ್ತದೆ.

ಅಣ್ಣ ತೀರಿಕೊಂಡು ತಿಂಗಳಾದ ಮೇಲೆ ತಂಗಿ ಚಾಮರಾಜಪೇಟೆಗೆ ಬಂದು ಉಳಿದ ಮಾತ್ರೆಗಳನ್ನು ಹಿಂದಿರುಗಿಸಿದರು. ನಾನು ಎಣಿಸಿದೆ, ಅವರೂ ಎಣಿಸಿದರು, ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕಿದೆವು. ರಜೆ ಮುಗಿದಿತ್ತು, ಕಚೇರಿಗೆ ಹೊತ್ತಾಯಿತು ಅಂತ ಎದ್ದರು. ಬಸ್ ಸ್ಟಾಪಿನವರೆಗೆ ಜೊತೆಯಲ್ಲೇ ನಡೆದೆವು. ಅವರ ಬಸ್ಸು ಬಂತು, ಹತ್ತಿ ಹೋದರು. ನಾನು ಮಲ್ಲೇಶ್ವರದ ಕಡೆಯ ಬಸ್ಸಿಗೆ ಕಾಯುತ್ತಾ ನಿಂತೆ; ಅಲ್ಲಿ ನಮ್ಮ ಪಟ್ಟಿಗೆ ಹೊಸದಾಗಿ ಸೇರಿದವರೊಬ್ಬರ ಮನೆಗೆ ಹನ್ನೊಂದಕ್ಕೆ ಬರುತ್ತೇನೆ ಅಂದಿದ್ದೆ.